ಡಿಕ್ಕಿ ಹೊಡೆದ ಗಾಡಿಗೆ ವಿಮೆಯೇ ಇಲ್ಲದಿದ್ದರೆ?



ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಭಾಗದ ರಸ್ತೆಗಳ ಚಿತ್ರವೇ ಬದಲಾಗುತ್ತದೆ. ಹುಪರಿ-ಯಳಗೂಡಿನ ಜವಾಹರ ಸಕ್ಕರೆ ಕಾರ್ಖಾನೆಯ ದಾರಿಯಲ್ಲಾಗಲಿ, ರೆಂದಾಳ, ಕಾಗಲ್, ಇಚಲಕರಂಜಿಯ ದಾರಿಗಳಲ್ಲಾಗಲಿ ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೇರು ಸಾಗುತ್ತಿರುತ್ತದೆ. ಅದೇ ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರ್ ಸೈಕಲ್, ಬೆಳ್ಳಿ ಕೆಲಸಕ್ಕೆ ಹೋಗುವ ಹುಡುಗರು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಿಪ್ಪಾಣಿಗೆ ಮದುವೆಗೆ ಹೊರಟವರು. ಕತ್ತಲಾದ ಮೇಲೆ ಪಂಕ್ಚರ್ ಆಗಿ ರಸ್ತೆಯ ಬದಿಗೆ ನಿಂತ, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಟ್ರೇಲರ್ ಎಷ್ಟು ಮನೆಗಳ ದೀಪ ಆರಿಸಿದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಇಂಥ ಮನೆಗಳಿಗೆ ಸಾಂತ್ವನ ಹೇಳಲು ಹೋದಾಗ ಮೂರನೆಯ ದಿನಕ್ಕೋ ಐದನೆಯ ದಿನಕ್ಕೋ ಒಂದು ಮಾತು ಬಂದೇ ಬರುತ್ತದೆ. "ಫಾದರ್, ನಮ್ಮ ಗಾಡಿಗೆ ಇನ್ಸೂರೆನ್ಸ್ ಇತ್ತಲ್ಲ, ಏನಾದರೂ ಸಿಗುತ್ತದೆಯೇ?" ಈ ಪ್ರಶ್ನೆಗೆ ಉತ್ತರ ಬಹಳ ಸಲ 'ಇಲ್ಲ' ಎಂದೇ ಇರುತ್ತದೆ. ಯಾಕೆ ಇಲ್ಲ, ಇರುವಂತೆ ಮಾಡಿಕೊಳ್ಳಲು ಏನು ಮಾಡಬೇಕು, ಅದಕ್ಕೆ ಹಾಕುವ ಹಣ ಸಾರ್ಥಕವೇ ಎಂಬುದೇ ಈ ತಿಂಗಳ ವಿಷಯ.

ಮೊದಲು ಒಂದು ತಪ್ಪು ತಿಳುವಳಿಕೆಯನ್ನು ತೊಡೆದುಹಾಕೋಣ. 1988ರ ಮೋಟಾರು ವಾಹನ ಕಾಯಿದೆ ಎಲ್ಲ ಗಾಡಿಗೂ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ಹೆಸರೇ ಹೇಳುವಂತೆ ಅದು ಮೂರನೆಯವರಿಗಾಗಿ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ ಕಂಪನಿ ಅವರಿಗೆ ಹಣ ಕೊಡುತ್ತದೆ. ನಿಮಗೆ ಪೆಟ್ಟಾದರೆ? ಆಗ ನಿಮಗೆ ಹಣ ಬರಬೇಕಾದದ್ದು ನಿಮಗೆ ಗುದ್ದಿದವನ ವಿಮೆಯಿಂದ, ನಿಮ್ಮದರಿಂದಲ್ಲ. ಹೊಲದ ಬದು ಇದ್ದ ಹಾಗೆ, ನನ್ನ ಬದುವಿನಿಂದ ಅವನ ಹೊಲಕ್ಕೆ ರಕ್ಷಣೆ, ಅವನ ಬದುವಿನಿಂದ ನನ್ನ ಹೊಲಕ್ಕೆ. ಅವನು ಬದು ಹಾಕದೆ ಬಿಟ್ಟರೆ ಮಳೆ ಬಂದಾಗ ಕೊಚ್ಚಿಹೋಗುವುದು ನನ್ನ ಮಣ್ಣು.

ಅವನು ಬದು ಹಾಕಿಲ್ಲದಿರುವ ಸಂಭವ ಎಷ್ಟು? ನಮ್ಮ ದೇಶದ ರಸ್ತೆಯಲ್ಲಿರುವ ವಾಹನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ವಿಮೆಯೇ ಇಲ್ಲವೆಂದು ಸರಕಾರದ ಮತ್ತು ಸಂಸದೀಯ ಸಮಿತಿಯ ವರದಿಗಳು ಹೇಳುತ್ತ ಬಂದಿವೆ. ಅದರಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು. ಹೊಸ ಗಾಡಿ ಕೊಳ್ಳುವಾಗ ಷೋರೂಮಿನವರು ಮಾಡಿಸಿದ ವಿಮೆ ಮುಗಿದ ಮೇಲೆ ಯಾರೂ ನವೀಕರಿಸುವುದಿಲ್ಲ. ಪೊಲೀಸರು ಹಿಡಿದರೆ ಮೊದಲ ಸಲ 2,000 ರೂಪಾಯಿ ದಂಡ, ಎರಡನೆಯ ಸಲ 4,000, ಮೂರು ತಿಂಗಳವರೆಗೆ ಜೈಲೂ ಆಗಬಹುದು ಎಂದು 2019ರ ತಿದ್ದುಪಡಿ ಹೇಳುತ್ತದೆ. ಆದರೆ ನಮ್ಮ ಒಳರಸ್ತೆಗಳಲ್ಲಿ ಹಿಡಿಯುವವರು ಯಾರು?

ಅಮೆರಿಕದಲ್ಲಿರುವ ನಮ್ಮ ಕೆಲವು ಕುಟುಂಬಗಳ ಮಕ್ಕಳು ಹೇಳುವಂತೆ ಅಲ್ಲಿ ಇದಕ್ಕೆಂದೇ ಒಂದು ವಿಮೆ ಇದೆ. ಗುದ್ದಿದವನಿಗೆ ವಿಮೆ ಇಲ್ಲದಿದ್ದರೆ ನಮ್ಮ ಕಂಪನಿಯೇ ನಮಗೆ ಕೊಡುವಂಥದ್ದು. ಕೆಲವು ರಾಜ್ಯಗಳಲ್ಲಿ ಅದು ಕಡ್ಡಾಯವೂ ಹೌದು. ಅಲ್ಲಿ ಏಳು ಗಾಡಿಗೆ ಒಂದು ವಿಮೆಯಿಲ್ಲದ್ದು ಎಂದು ಅಂದಾಜು. ಅಷ್ಟಕ್ಕೇ ಅವರು ಅದು ಬೇಕೋ ಬೇಡವೋ ಎಂದು ಕೂತು ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಎರಡಕ್ಕೆ ಒಂದು, ಆದರೆ ಆ ಹೆಸರಿನ ಪಾಲಿಸಿ ನಮ್ಮ ಪೇಟೆಯಲ್ಲಿಲ್ಲ. ಅದರ ಕೆಲಸ ಮಾಡುವ ಮೂರು ನಾಲ್ಕು ಸಣ್ಣ ರಕ್ಷಣೆಗಳಿವೆ, ಅವನ್ನು ನಾವೇ ಕೂಡಿಸಿಕೊಳ್ಳಬೇಕು. ಅದಕ್ಕೆ ಮೊದಲು, ವಿಮೆಯಿಲ್ಲದ ಗಾಡಿ ಗುದ್ದಿದರೆ ನಷ್ಟ ಎಷ್ಟೆಂದು ನೋಡಿರಿ.

ಒಂದು ಲೆಕ್ಕ ಹಾಕೋಣ. 35 ವರ್ಷದ ಒಬ್ಬ ರೈತ. ಹೊಲ, ಹಾಲು ಎಲ್ಲ ಸೇರಿ ತಿಂಗಳಿಗೆ 15,000 ದುಡಿಯುತ್ತಾನೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಇಂಥವನು ಬೇರೆಯವರ ತಪ್ಪಿನಿಂದ ಅಪಘಾತದಲ್ಲಿ ತೀರಿಕೊಂಡರೆ ಪರಿಹಾರ ಹೇಗೆ ಎಣಿಸಬೇಕೆಂದು ಸುಪ್ರೀಂ ಕೋರ್ಟು 2009ರಲ್ಲಿ ಮತ್ತು 2017ರಲ್ಲಿ ಎರಡು ತೀರ್ಪುಗಳಲ್ಲಿ ಹೇಳಿದೆ. ವರ್ಷದ ದುಡಿಮೆ 1,80,000. ಮುಂದೆ ಹೆಚ್ಚಬಹುದಾದ ಆದಾಯಕ್ಕೆಂದು ನೂರಕ್ಕೆ 40 ಸೇರಿಸಿದರೆ 2,52,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 1,89,000. ಆ ವಯಸ್ಸಿಗೆ 16ರಿಂದ ಗುಣಿಸಬೇಕು. 30,24,000 ರೂಪಾಯಿ! ಅಂತ್ಯಕ್ರಿಯೆ ಖರ್ಚು ಮುಂತಾದವು ಬೇರೆ. ಆದಾಯವನ್ನು ರುಜುವಾತು ಮಾಡಬೇಕು ಎಂಬುದು ನಿಜ, ಡೇರಿಯ ಬಿಲ್ಲು, ಕಾರ್ಖಾನೆಯ ಕಬ್ಬಿನ ಪಾವತಿ ಇಲ್ಲಿ ಕೆಲಸಕ್ಕೆ ಬರುತ್ತವೆ.

ಗುದ್ದಿದ ಗಾಡಿಗೆ ವಿಮೆ ಇದ್ದರೆ ಈ ಮೂವತ್ತು ಲಕ್ಷವನ್ನು ಕಂಪನಿ ಕೊಡುತ್ತದೆ. ಚಾಲಕನ ಲೈಸೆನ್ಸಿನಲ್ಲಿ ದೋಷವಿದ್ದರೂ ಅನೇಕ ಸಲ ನ್ಯಾಯಾಲಯ 'ಮೊದಲು ನೊಂದವರಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ' ಎಂದು ಕಂಪನಿಗೆ ಹೇಳುತ್ತದೆ. ಪಾಲಿಸಿಯೇ ಇಲ್ಲದಿದ್ದರೆ ಆ ಮಾತನ್ನು ಯಾರಿಗೆ ಹೇಳುವುದು? ತೀರ್ಪು ಮಾಲೀಕನ ಮೇಲೆ ಆಗುತ್ತದೆ. ಅವನ ಹತ್ತಿರ ಒಂದು ಹಳೆಯ ಗಾಡಿ, ಪತ್ರೆಯ ಮನೆ ಬಿಟ್ಟರೆ ಏನೂ ಇಲ್ಲವೆಂದರೆ ಮೂವತ್ತು ಲಕ್ಷದ ತೀರ್ಪು ಗೋಡೆಗೆ ಅಂಟಿಸುವ ಕಾಗದ.

ಒಂದು ಉಪಾಯವನ್ನು ಮಾತ್ರ ಕಾನೂನು ಕೊಟ್ಟಿದೆ. ವಿಮೆಯಿಲ್ಲದ ಗಾಡಿ ಅಪಘಾತ ಮಾಡಿದರೆ ಮಾಲೀಕನು ಸಾಕಷ್ಟು ಜಾಮೀನು ಭದ್ರತೆ ಕೊಡುವವರೆಗೆ ಅದನ್ನು ಬಿಡಬಾರದು, ಮೂರು ತಿಂಗಳಾದರೂ ಕೊಡದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು. ಇಂಥ ನಿಯಮ ಮಾಡಿರೆಂದು ಸುಪ್ರೀಂ ಕೋರ್ಟು 2018ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು, 2022ರ ಏಪ್ರಿಲ್ 1ರಿಂದ ಕೇಂದ್ರದ ನಿಯಮಗಳಲ್ಲೂ ಅದು ಸೇರಿದೆ. ಆದ್ದರಿಂದ ಗುದ್ದಿದ ಟ್ರ್ಯಾಕ್ಟರ್ ಠಾಣೆಯ ಅಂಗಳದಲ್ಲಿರುವಾಗಲೇ ವಕೀಲರ ಮೂಲಕ ಆಕ್ಷೇಪಣೆ ಹಾಕಿರಿ. ಅದು ಒಮ್ಮೆ ಹೊರಗೆ ಹೋದರೆ ಹೋಯಿತು.

ಇದರ ಜೊತೆಗೆ ಒಂದು ವಿಚಿತ್ರವಿದೆ. ಗುದ್ದಿ ಓಡಿಹೋದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ ಸರಕಾರದ ನಿಧಿಯಿಂದ ಪರಿಹಾರವಿದೆ. ಬಹಳ ವರ್ಷ ಅದು ಸಾವಿಗೆ 25,000 ಮಾತ್ರ ಇತ್ತು. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. ಗಾಡಿ ಯಾವುದೆಂದು ಗೊತ್ತಾಗಿ, ಅದಕ್ಕೆ ವಿಮೆಯಿಲ್ಲದಿದ್ದರೆ ಈ 2 ಲಕ್ಷವೂ ಇಲ್ಲ! ಗುರುತು ಸಿಕ್ಕಿದ ಬಡವನಿಗಿಂತ ಗುರುತು ಸಿಗದವನೇ ವಾಸಿ ಎಂಬಂತಾಯಿತು.

ಇಲ್ಲೇ ಕೆಲವು ಮಧ್ಯಸ್ಥರು ಹುಟ್ಟಿಕೊಳ್ಳುತ್ತಾರೆ. 'ಅಪರಿಚಿತ ವಾಹನ ಎಂದು ಬರೆಸಿ' ಎನ್ನುವವರು, 'ವಿಮೆ ಇರುವ ನಮ್ಮ ಗೆಳೆಯನ ಗಾಡಿ ಗುದ್ದಿತೆಂದು ಬರೆಸೋಣ, ಬಂದದ್ದರಲ್ಲಿ ಪಾಲು' ಎನ್ನುವವರು. ದುಃಖದಲ್ಲಿರುವ ಮನೆಗೆ ಈ ಮಾತು ದಯೆಯಂತೆ ಕೇಳಿಸುತ್ತದೆ. ಅದು ಸುಳ್ಳುಸಾಕ್ಷಿ, ಬಂಧುಗಳೇ. ಕಂಪನಿಗಳು ಈಗ ಪತ್ತೇದಾರರನ್ನು ಇಟ್ಟು ತನಿಖೆ ಮಾಡಿಸುತ್ತವೆ. ವಿಧವೆಯಾದ ತಾಯಿ ಆಮೇಲೆ ಆರೋಪಿಯಾಗಿ ನಿಲ್ಲುವ ಪ್ರಸಂಗ ಬರಬಹುದು, ಆ ಹೊತ್ತಿಗೆ ಮಧ್ಯಸ್ಥನ ಸುಳಿವೂ ಇರುವುದಿಲ್ಲ.

ನಿಜವಾಗಿಯೂ ಗುರುತು ಸಿಗದ ಪ್ರಕರಣಗಳಲ್ಲಿಯಾದರೂ ಜನ ಆ ಹಣ ಕೇಳುತ್ತಾರೆಯೇ? 2022ರಲ್ಲಿ ದೇಶದಲ್ಲಿ 67,387 ಗುದ್ದಿ ಓಡಿದ ಅಪಘಾತಗಳಾದವು. 2022-23ರಲ್ಲಿ ಬಂದ ಅರ್ಜಿಗಳು 205! ಈ ಅಂಕಿ ನೋಡಿ ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಪೊಲೀಸರಿಗೆ ಆದೇಶ ಮಾಡಿತು. ಒಂದು ತಿಂಗಳಲ್ಲಿ ಗಾಡಿಯ ಪತ್ತೆಯಾಗದಿದ್ದರೆ ಇಂಥ ಪರಿಹಾರವಿದೆ ಎಂದು ನೊಂದವರಿಗೆ ಲಿಖಿತವಾಗಿ ತಿಳಿಸಲೇಬೇಕು. ತಿಳಿಸದಿದ್ದರೆ ನೀವೇ ಕೇಳಿರಿ. ಅರ್ಜಿ ಕೊಡಬೇಕಾದದ್ದು ಅಪಘಾತವಾದ ಭಾಗದ ಪ್ರಾಂತಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ, ಮಂಜೂರು ಮಾಡುವವರು ಜಿಲ್ಲಾಧಿಕಾರಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅವನಿಗೆ ವಿಮೆ ಇದೆಯೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಏನಿದೆ?

ಮೊದಲನೆಯದು ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ. ಹಿಂದೆ ಮೋಟಾರ್ ಸೈಕಲ್ಲಿಗೆ 1 ಲಕ್ಷ, ಕಾರಿಗೆ 2 ಲಕ್ಷ ಇದ್ದ ಇದನ್ನು 2018ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ 15 ಲಕ್ಷಕ್ಕೆ ಏರಿಸಿತು. ಆಗ ವರ್ಷಕ್ಕೆ 750 ರೂಪಾಯಿ ಎಂದು ಗೊತ್ತುಪಡಿಸಿದ್ದರು, ಈಗ ಕಂಪನಿಯಿಂದ ಕಂಪನಿಗೆ ವ್ಯತ್ಯಾಸವಿದೆ, ಕೇಳಿ ನೋಡಿರಿ. ತಪ್ಪು ಯಾರದೇ ಇರಲಿ, ಗುದ್ದಿದವನಿಗೆ ವಿಮೆ ಇರಲಿ ಬಿಡಲಿ, ಓಡಿಹೋಗಿರಲಿ, ನೀವೇ ಜಾರಿ ಬಿದ್ದಿರಲಿ, ಸಾವಾದರೆ 15 ಲಕ್ಷ. ಎರಡು ಕೈ ಅಥವಾ ಎರಡು ಕಾಲು ಅಥವಾ ಎರಡೂ ಕಣ್ಣು ಹೋದರೂ ಅಷ್ಟೇ, ಒಂದು ಹೋದರೆ ಅರ್ಧ. ಅಮೆರಿಕದವರ ಆ ವಿಮೆಗೆ ನಮ್ಮಲ್ಲಿ ಅತಿ ಹತ್ತಿರದ್ದು ಇದೇ. ಸಾರ್ಥಕವೇ ಎಂದು ಕೇಳಿದರೆ, ಹೌದು, ಸಂದೇಹವೇ ಬೇಡ. ವರ್ಷಕ್ಕೆ ಒಂದು ಚೀಲ ರಸಗೊಬ್ಬರದ ಆಸುಪಾಸಿನ ಹಣಕ್ಕೆ ಹದಿನೈದು ಲಕ್ಷ.

ಆದರೆ ಇದರಲ್ಲಿ ಒಂದು ಮುಳ್ಳಿದೆ. ಆ ರಕ್ಷಣೆ ಆರ್‌ಸಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರಿಗೆ ಮಾತ್ರ, ಅವರ ಹತ್ತಿರ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಮಾತ್ರ. ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ? ಗಾಡಿ ತಂದೆಯ ಹೆಸರಿನಲ್ಲಿ. ತಂದೆಗೆ ಗಾಡಿ ಹೊಡೆಯಲು ಬರುವುದೇ ಇಲ್ಲ. ಓಡಿಸುವವನು ಮಗ. ಮಗನಿಗೆ ಏನಾದರೂ ಆದರೆ ಕಂಪನಿಯವರು ಕೈಯಾಡಿಸಿಬಿಡುತ್ತಾರೆ. ಗಾಡಿಯನ್ನು ಓಡಿಸುವವರ ಹೆಸರಿಗೇ ಮಾಡಿಸಿರಿ, ಅಥವಾ ಮಗನ ಹೆಸರಿನಲ್ಲಿ ಬೇರೆಯಾಗಿ ಒಂದು ಅಪಘಾತ ವಿಮೆ ಕೊಳ್ಳಿರಿ.

ಎರವಲು ಗಾಡಿಯದೂ ಇದೇ ಕಥೆ. ಬಾಗಲಕೋಟೆ ಜಿಲ್ಲೆಯ ಒಬ್ಬ ಮನುಷ್ಯ ಪರಿಚಯದವರ ಮೋಟಾರ್ ಸೈಕಲ್ ಕೇಳಿ ತೆಗೆದುಕೊಂಡು ಇಳಕಲ್ಲಿನಿಂದ ತನ್ನ ಊರಾದ ಗುಡೂರಿಗೆ ಹೊರಟಿದ್ದ. ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ತಟ್ಟನೆ ನಿಂತಿತು, ಅದಕ್ಕೆ ಗುದ್ದಿ ಸತ್ತ. ಅವನ ಹೆಂಡತಿ ಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ಗಾಡಿಯನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ತಪ್ಪು ಯಾರದೆಂದು ತೋರಿಸದೆ ಕೇಳುವ ಕಲಮಿನಲ್ಲಿ ಆ ಗಾಡಿಯ ವಿಮೆಯಿಂದಲೇ ಪರಿಹಾರ ಕೇಳಲು ಬರುವುದಿಲ್ಲ ಎಂದು ನ್ಯಾಯಾಲಯ 2009ರಲ್ಲಿ ಹೇಳಿತು. ಎತ್ತಿನ ಗಾಡಿಗಂತೂ ಮೋಟಾರು ವಿಮೆಯೇ ಇರುವುದಿಲ್ಲ! 2025ರ ಜುಲೈಯಲ್ಲಿ ಅರಸೀಕೆರೆ ಕಡೆಯ ಒಂದು ಪ್ರಕರಣದಲ್ಲಿಯೂ ಹೀಗೇ ಆಯಿತು. ತನ್ನದೇ ಅತಿವೇಗದಿಂದ ಕಾರು ಮಗುಚಿ ಸತ್ತವನ ಮನೆಯವರು 80 ಲಕ್ಷ ಕೇಳಿದ್ದರು, ಏನೂ ಸಿಗಲಿಲ್ಲ.

ಹೊಸ ಗಾಡಿ ಕೊಂಡವರು ಗಮನಿಸಬೇಕಾದದ್ದು ಇನ್ನೊಂದು. 2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷ, ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸುತ್ತಾರೆ. 'ಐದು ವರ್ಷದ ಇನ್ಸೂರೆನ್ಸ್ ಇದೆ' ಎಂದು ನಾವು ನಿಶ್ಚಿಂತರಾಗುತ್ತೇವೆ. ಆದರೆ ನಿಮ್ಮ 15 ಲಕ್ಷದ ರಕ್ಷಣೆ ಒಂದೇ ವರ್ಷಕ್ಕೆ ಬರೆದಿರಬಹುದು. ಪಾಲಿಸಿಯ ಕಾಗದ ತೆಗೆದು ಎರಡರ ತಾರೀಖನ್ನೂ ಬೇರೆಬೇರೆಯಾಗಿ ಓದಿರಿ. ಇಂಗ್ಲಿಷ್ ಬಾರದವರು ಭಾನುವಾರ ಪೂಜೆಯ ನಂತರ ಕಾಗದವನ್ನು ತನ್ನಿರಿ, ಓದಿ ಹೇಳುವ ಹುಡುಗ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಹಿಂದೆ ಕೂತವರ ಮಾತು ಏನು? ನಮ್ಮ ಮನೆಗಳಲ್ಲಿ ಹಿಂದೆ ಕೂರುವವಳು ಹೆಂಡತಿ, ಮಗಳು, ಅವ್ವ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಮೋಟಾರ್ ಸೈಕಲ್ಲಿನ ಹಿಂದೆ ಕೂತವರಿಗೆ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ಪ್ಯಾಕೇಜ್ ಪಾಲಿಸಿ, ಅಂದರೆ ಪೂರ್ಣ ವಿಮೆ ಇದ್ದರೆ ಅವರಿಗೆ ಇದೆ. ಇದು ಎಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿರಿ. ವಿಮೆಯಿಲ್ಲದ ಟ್ರ್ಯಾಕ್ಟರ್ ಒಂದು ಕಡೆ, ನಿಮ್ಮ ಮೋಟಾರ್ ಸೈಕಲ್ ಇನ್ನೊಂದು ಕಡೆ, ತಪ್ಪು ಇಬ್ಬರದೂ ಸ್ವಲ್ಪ ಸ್ವಲ್ಪ. ಹಿಂದೆ ಕೂತವರ ತಪ್ಪು ಏನೂ ಇಲ್ಲ. ಇಂಥವರು ತಮ್ಮ ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದಲಾದರೂ ಕೇಳಬಹುದೆಂದು 2015ರ ತೀರ್ಪು ಇದೆ. ಟ್ರ್ಯಾಕ್ಟರಿನವನಿಂದ ಏನೂ ಹುಟ್ಟದಿದ್ದಾಗ ನಿಮ್ಮ ಗಾಡಿಯ ಪ್ಯಾಕೇಜ್ ಪಾಲಿಸಿಯೇ ನಿಮ್ಮ ಹೆಂಡತಿಗೆ ಆಧಾರ.

ಹಾಗಾದರೆ ಹದಿನೈದು ವರ್ಷದ ಹಳೆಯ ಗಾಡಿಗೂ ಪ್ಯಾಕೇಜ್ ಮಾಡಿಸಬೇಕೇ? ಗಾಡಿಯ ಬೆಲೆಯ ದೃಷ್ಟಿಯಿಂದ ನೋಡಿದರೆ ಬೇಡ. ಹತ್ತು ಹದಿನೈದು ಸಾವಿರದ ಗಾಡಿ ಜಖಂ ಆದರೆ ಆಗಲಿ. ಅದರಲ್ಲಿ ದಿನಾ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಾದರೆ ನನ್ನ ಅಭಿಪ್ರಾಯ ಬೇರೆ. ಹಳೆಯದೆಂದು ಕಂಪನಿಯವರು ಪ್ಯಾಕೇಜ್ ಕೊಡಲು ಒಪ್ಪದಿದ್ದರೆ ಹಿಂದೆ ಕೂರುವವರಿಗೆ ಬೇರೆಯಾಗಿ ಅಪಘಾತ ರಕ್ಷಣೆ ಸೇರಿಸಿಕೊಡುವಂತೆ ಕೇಳಿರಿ. ಬಂಪರಿಗೆ, ಟೈರಿಗೆ, ಕೀಲಿಕೈಗೆ ಎಂದು ಏಜೆಂಟರು ಮುಂದಿಡುವ ಹೆಚ್ಚಿನ ಸೇರ್ಪಡೆಗಳಿಗೆ ಹಣ ಹಾಕುವ ಮೊದಲು ಮನುಷ್ಯರಿಗೆ ಹಾಕಿರಿ. ಇನ್ನು ಥರ್ಡ್ ಪಾರ್ಟಿಯ ದರ ಬಹಳವಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿ ಮೋಟಾರ್ ಸೈಕಲ್ಲಿಗೆ ವರ್ಷಕ್ಕೆ 714 ರೂಪಾಯಿ, 1,000 ಸಿಸಿವರೆಗಿನ ಕಾರಿಗೆ 2,094, ತೆರಿಗೆ ಬೇರೆ.

ಗಾಡಿಯೇ ಇಲ್ಲದವರೂ ಮಾಡಿಸಬೇಕಾದ ಒಂದಿದೆ, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. 2015ರಲ್ಲಿ 12 ರೂಪಾಯಿಗೆ ಆರಂಭವಾದದ್ದು 2022ರ ಜೂನಿನಿಂದ ವರ್ಷಕ್ಕೆ 20 ರೂಪಾಯಿ ಆಗಿದೆ. 18ರಿಂದ 70 ವರ್ಷದವರಿಗೆ. ಅಪಘಾತದ ಸಾವಿಗೆ 2 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 1 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ವರ್ಷ. ಮೇ ತಿಂಗಳ ಕೊನೆಗೆ ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ಅದು ನಿಂತುಹೋಗುತ್ತದೆ. ನಾಲ್ಕು ಬ್ಯಾಂಕಿನಲ್ಲಿ ಖಾತೆ ಇದ್ದರೂ ಸಿಗುವುದು ಒಂದರಿಂದಲೇ.

ಎರಡನೆಯದು ನಮ್ಮ ಮಹಾರಾಷ್ಟ್ರ ಸರಕಾರದ್ದು, ಗೋಪಿನಾಥ ಮುಂಡೆ ಶೇತಕರಿ ಅಪಘಾತ ಸುರಕ್ಷಾ ಸಾನುಗ್ರಹ ಅನುದಾನ ಯೋಜನೆ. 2023ರ ಏಪ್ರಿಲ್ 19ರ ನಿರ್ಣಯದಂತೆ ಇದಕ್ಕೆ ನೀವು ಒಂದು ಪೈಸೆಯನ್ನೂ ಕಟ್ಟಬೇಕಾಗಿಲ್ಲ. 7/12 ಉತಾರೆಯಲ್ಲಿ ಹೆಸರಿರುವ ರೈತ ಮತ್ತು ಅವನ ಮನೆಯ ಇನ್ನೊಬ್ಬ ಸದಸ್ಯ, 10ರಿಂದ 75 ವರ್ಷದೊಳಗಿನವರು, ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈಕಾಲು ಹೋದರೆ 1 ಲಕ್ಷ. ರಸ್ತೆ ಅಪಘಾತ ಮಾತ್ರವಲ್ಲ, ಹಾವು ಕಚ್ಚಿದ್ದು, ಕರೆಂಟು ಹೊಡೆದದ್ದು, ಬಾವಿಗೆ ಬಿದ್ದದ್ದೂ ಸೇರುತ್ತದೆ. ಅರ್ಜಿ ತಾಲ್ಲೂಕು ಕೃಷಿ ಅಧಿಕಾರಿಯ ಕಚೇರಿಗೆ, 30 ದಿನಗಳೊಳಗೆ. ಆ ಮೂವತ್ತು ದಿನ ನಮ್ಮ ಮನೆಗಳಲ್ಲಿ ಅಳುವುದರಲ್ಲೇ ಕಳೆದುಹೋಗುತ್ತದೆ. ಅದಕ್ಕೆ ನೆರೆಹೊರೆಯವರು, ಸಂಘದವರು ಮುಂದಾಗಿ ಆ ಕಾಗದದ ಕೆಲಸ ಹಿಡಿಯಬೇಕು. ಊಟ ತಂದುಕೊಡುವಷ್ಟೇ ದೊಡ್ಡ ಉಪಕಾರ ಅದು.

ಇಷ್ಟು ಹೊತ್ತು ನಮಗೆ ಗುದ್ದಿದವನ ಮಾತಾಡಿದೆವು. ಆ ವಿಮೆಯಿಲ್ಲದ ಗಾಡಿ ನಮ್ಮದೇ ಆಗಿದ್ದರೆ? ಮೇಲೆ ಹಾಕಿದ 30 ಲಕ್ಷದ ಲೆಕ್ಕ ಆಗ ನಮ್ಮ ಮೇಲೆ ಬರುತ್ತದೆ. ತೀರ್ಪಿನ ಹಣವನ್ನು ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಯ ಮೂಲಕ ವಸೂಲು ಮಾಡಬಹುದು. ಹೊಲ ಇದ್ದವನು ತಪ್ಪಿಸಿಕೊಳ್ಳಲಾರ. ಏಳುನೂರು ರೂಪಾಯಿ ಉಳಿಸಲು ಹೋಗಿ ಅಜ್ಜನ ಹೊಲ ಹರಾಜಿಗೆ ಬರುವುದು ಅಂದರೆ ಇದೇ.

ಟ್ರ್ಯಾಕ್ಟರ್ ಮಾಲೀಕರಲ್ಲಿ ವಿಶೇಷವಾಗಿ ವಿನಂತಿ. ಕಾನೂನಿನ ಕಣ್ಣಿಗೆ ಟ್ರೇಲರ್ ಕೂಡ ಒಂದು ಮೋಟಾರು ವಾಹನ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, ವಿಮೆಯ ಕಾಗದದಲ್ಲಿ ಅದರ ಉಲ್ಲೇಖವೂ ಬೇಕು. ಇಂಜಿನ್ನಿಗೆ ಮಾತ್ರ ವಿಮೆ ಮಾಡಿಸಿ ಎರಡು ಟ್ರೇಲರ್ ಕಟ್ಟಿದವನು ಅರ್ಧ ಮೈಗೆ ಅಂಗಿ ಹಾಕಿಕೊಂಡಂತೆ. ಪಾಲಿಸಿಯಲ್ಲಿ 'ಕೃಷಿ ಉಪಯೋಗಕ್ಕೆ' ಎಂದಿದ್ದು, ನೀವು ಬಾಡಿಗೆಗೆ ಇಟ್ಟಿಗೆ, ಉಸುಕು ಹೊಡೆಯುತ್ತಿದ್ದರೆ ಕಂಪನಿಯವರು ತಕರಾರು ತೆಗೆಯುತ್ತಾರೆ. ಟ್ರೇಲರಿನ ಮೇಲೆ ಆಳುಗಳನ್ನು ಕೂರಿಸುವುದಂತೂ ಬೇಡವೇ ಬೇಡ. ಮಣ್ಣು ಹೇರಿದ ಟ್ರೇಲರಿನಲ್ಲಿ ಹೋಗುತ್ತಿದ್ದ ಒಬ್ಬ ಕೂಲಿಗಾರನ ಪ್ರಕರಣದಲ್ಲಿ, ಅವನಿಗಾದ ಹಾನಿಗೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ಅವನ ಬಡತನ ನೋಡಿ ಮೊದಲು ಕಂಪನಿಯೇ ಕೊಡಲಿ, ಆಮೇಲೆ ಟ್ರ್ಯಾಕ್ಟರ್ ಮಾಲೀಕನಿಂದ ವಸೂಲು ಮಾಡಲಿ ಎಂದಿತು. ಕೊನೆಗೆ ಹೊರೆ ಬಿದ್ದದ್ದು ಮಾಲೀಕನ ಮೇಲೆ. ನಮ್ಮ ಫಡಗಳಿಗೆ ಬೀಡ್ ಕಡೆಯಿಂದ ಬರುವ ಟೋಳಿಗಳು ಹೆಂಗಸರು ಕೂಸುಗಳ ಸಮೇತ ಹೇರಿನ ಮೇಲೆ ಕೂತು ಹೋಗುವುದನ್ನು ದಿನಾ ನೋಡುತ್ತೇವೆ. ನಮ್ಮ ಊರಿನವರಲ್ಲ ಎಂಬ ಕಾರಣಕ್ಕೆ ಅವರ ಜೀವ ಅಗ್ಗವಾಗುವುದಿಲ್ಲ.

ಗಾಡಿ ಮಾರಿದವರಿಗೂ ಒಂದು ಮಾತು. ಮಾರಿ ಹಣ ಎಣಿಸಿಕೊಂಡು ಆರ್‌ಸಿ ವರ್ಗಾಯಿಸದೆ ಬಿಟ್ಟರೆ, ಆ ಗಾಡಿ ಮಾಡುವ ಅಪಘಾತಕ್ಕೆ ಕಾಗದದಲ್ಲಿ ಹೆಸರಿರುವ ನೀವೇ ಹೊಣೆ ಎಂದು 2018ರ ತೀರ್ಪು ಹೇಳುತ್ತದೆ. ಗಡಿಯಾಚೆಯ ಗಾಡಿ ಈಚೆಗೆ, ಈಚೆಯದು ಆಚೆಗೆ ಮಾರಾಟವಾಗುವ ನಮ್ಮ ಸೀಮೆಯಲ್ಲಿ ಇಂಥವು ಬಹಳ.

ಅಪಘಾತ ಆದ ಹೊತ್ತಿನಲ್ಲಿ ಮಾಡಬೇಕಾದದ್ದನ್ನೂ ಹೇಳಿಬಿಡುತ್ತೇನೆ, ಹಣಕ್ಕಿಂತ ಮೊದಲು ಜೀವ. ಪೆಟ್ಟಾದ ಮೊದಲ ಒಂದು ಗಂಟೆಗೆ ಕಾನೂನಿನಲ್ಲೇ 'ಸುವರ್ಣ ಗಂಟೆ' ಎಂದು ಹೆಸರು. ರಕ್ತ ಸುರಿಯುವ ಕಡೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿರಿ, ಅದು ಶ್ವಾಸನಾಳಕ್ಕೆ ಹೋಗಿ ಕೊಲ್ಲುತ್ತದೆ. ಕುತ್ತಿಗೆಗೋ ಬೆನ್ನಿಗೋ ಪೆಟ್ಟಾಗಿರಬಹುದೆಂದು ಸಂಶಯವಿದ್ದರೆ ಕೈಕಾಲು ಹಿಡಿದು ಎಳೆಯದೆ ತಲೆ ಮೈ ಒಂದೇ ನೇರದಲ್ಲಿಟ್ಟು ಎತ್ತಿರಿ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿರಿ. ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳಿರೆಂದು, ಸಾಕ್ಷಿಯಾಗಿರೆಂದು ಒತ್ತಾಯಿಸುವಂತಿಲ್ಲ. 2019ರ ತಿದ್ದುಪಡಿ ಅವರಿಗೆ ಈ ರಕ್ಷಣೆ ಕೊಟ್ಟಿದೆ, ಹೆದರಬೇಡಿರಿ.

2025ರ ಮೇ 5ರಂದು ಕೇಂದ್ರ ಸರಕಾರ ಹೊರಡಿಸಿದ ಯೋಜನೆಯ ಪ್ರಕಾರ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ನಗದಿಲ್ಲದೆ ಚಿಕಿತ್ಸೆ. ಗುದ್ದಿದ ಗಾಡಿಗೆ ವಿಮೆ ಇಲ್ಲದಿದ್ದರೂ ಇದು ಸಿಗುತ್ತದೆ, ಅದೇ ಇದರ ದೊಡ್ಡ ಗುಣ. ಪೊಲೀಸರಿಗೆ ಮಾಹಿತಿ ಹೋಗಿರಬೇಕು ಅಷ್ಟೇ. ಇಚಲಕರಂಜಿಯ ಇಂದಿರಾ ಗಾಂಧಿ ಆಸ್ಪತ್ರೆಯಲ್ಲಾಗಲಿ, ಕೊಲ್ಲಾಪುರದ ಸಿಪಿಆರ್‌ನಲ್ಲಾಗಲಿ, ಖಾಸಗಿಯಲ್ಲಾಗಲಿ ದಾಖಲಾಗುವಾಗಲೇ 'ರಸ್ತೆ ಅಪಘಾತ' ಎಂದು ಬರೆಸಿರಿ, ಈ ಯೋಜನೆಯನ್ನು ಬಾಯಿಬಿಟ್ಟು ಕೇಳಿರಿ.

ರಸ್ತೆಯಲ್ಲೇ ಐದು ಸಾವಿರ ಕೈಗಿಟ್ಟು 'ಕೇಸು ಬೇಡ, ಊರಿನವರೇ ಅಲ್ಲವೇ' ಎನ್ನುವ ಪಂಚಾಯಿತಿಗೆ ಒಪ್ಪುವ ಮೊದಲು ವಿಚಾರ ಮಾಡಿರಿ. ಇಂದು ಬರೀ ಬಾವು ಎಂದು ಕಂಡದ್ದು ನಾಳೆ ಎಕ್ಸ್‌ರೇಯಲ್ಲಿ ಮೂಳೆ ಮುರಿತವಾಗಿರಬಹುದು, ತಲೆಯೊಳಗಿನ ರಕ್ತಸ್ರಾವ ಎರಡು ದಿನ ಬಿಟ್ಟು ಕಾಣಿಸಬಹುದು. ಠಾಣೆಯಲ್ಲಿ ದಾಖಲೆಯಾಗದಿದ್ದರೆ ಮೇಲೆ ಹೇಳಿದ ಪರಿಹಾರಗಳಲ್ಲಿ ಹೆಚ್ಚಿನವು ಕೈತಪ್ಪುತ್ತವೆ. ಗುದ್ದಿದ ಗಾಡಿಯ ನಂಬರನ್ನು ಫೋಟೊ ತೆಗೆದುಕೊಳ್ಳಿರಿ. ಆ ನಂಬರು ಹಾಕಿ ಸರಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನೋಡಿದರೆ ವಿಮೆ ಯಾವ ತಾರೀಖಿನವರೆಗೆ ಇದೆಯೆಂದು ಅಲ್ಲೇ ತಿಳಿಯುತ್ತದೆ. ಟ್ರೇಲರಿಗೂ ಗುದ್ದಿದ್ದರೆ ಅದರ ನಂಬರೂ ಬೇಕು.

ಪರಿಹಾರದ ಅರ್ಜಿಯನ್ನು ಮೋಟಾರು ಅಪಘಾತ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಕೊಡಬೇಕೆಂದು 2022ರಿಂದ ಕಾನೂನು ಇದೆ. ಈ ಗಡುವಿನ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದ್ದು, ತಡವಾಯಿತೆಂಬ ಕಾರಣಕ್ಕೇ ಅರ್ಜಿಗಳನ್ನು ತಳ್ಳಿಹಾಕಬೇಡಿರೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಬಂದಿದೆ. ಆದರೂ ಅದನ್ನು ನಂಬಿ ಕೂರಬೇಡಿರಿ. ಅಪಘಾತ ನಿಪ್ಪಾಣಿಯಲ್ಲೋ ಸಂಕೇಶ್ವರದಲ್ಲೋ ಆಗಿದ್ದರೆ ಪ್ರತಿ ತಾರೀಖಿಗೂ ಅಲ್ಲಿಗೇ ಅಲೆಯಬೇಕೆಂದಿಲ್ಲ, ನೀವು ವಾಸವಾಗಿರುವ ಜಿಲ್ಲೆಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಅಲ್ಲಿ ಸೋತರೆ ಮೇಲ್ಮನವಿಗೆ ಮುಂಬಯಿಗೆ ಹೋಗುವ ಕಷ್ಟವೂ ತಪ್ಪಿದೆ, 2025ರ ಆಗಸ್ಟಿನಿಂದ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಲಾಪುರದಲ್ಲೇ ನಡೆಯುತ್ತಿದೆ. ವಕೀಲರ ಹತ್ತಿರ ಹೋಗುವಾಗ ಎಫ್‌ಐಆರ್, ಸ್ಥಳ ಪಂಚನಾಮೆ, ಆಸ್ಪತ್ರೆಯ ಕಾಗದಗಳು, ಮರಣವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ, 7/12 ಉತಾರೆ, ಡೇರಿ ಮತ್ತು ಕಾರ್ಖಾನೆಯ ಬಿಲ್ಲುಗಳು, ನಿಮ್ಮ ಸ್ವಂತ ಗಾಡಿಯ ಪಾಲಿಸಿ ಇಷ್ಟನ್ನೂ ಒಂದು ಫೈಲಿನಲ್ಲಿ ಹಾಕಿಕೊಂಡು ಹೋಗಿರಿ, ಮೂಲ ಪ್ರತಿಗಳನ್ನು ಮಾತ್ರ ಯಾರ ಕೈಗೂ ಬಿಟ್ಟು ಬರಬೇಡಿರಿ.